‘ಸೌಂಡ್ ಸರಿ ಇಲ್ಲ’ ಅಂದರೆ ಏನು?

ಮೂವತ್ತು ವರ್ಷಗಳಿಂದ ನಾನು ಮದುವೆ, ಜಾತ್ರೆ, ನಾಟಕಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದೇನೆ. ಈ ಕೆಲಸದಲ್ಲಿ ಹೆಚ್ಚು ಕೇಳಿದ ಮಾತು ಒಂದೇ: ‘ಸೌಂಡ್ ಸರಿ ಇಲ್ಲ ಕಣಯ್ಯಾ!’ ಏನು ಸರಿ ಇಲ್ಲ ಎಂದರೆ, ‘ಜಾಸ್ತಿ ಇಡು’ ಎನ್ನುತ್ತಾರೆ. ಹೊಟ್ಟೆನೋವೋ ಹಲ್ಲುನೋವೋ ಹೇಳದೆ ಮದ್ದು ಕೇಳಿದ ಹಾಗಾಯಿತು. ಸದ್ದಿನ ಗುಣ ಹೇಳಲು ನಮ್ಮಲ್ಲಿ ಒಳ್ಳೆಯ ಪದಗಳಿವೆ. ಮಕ್ಕಳೇ, ಅಜ್ಜ-ಅಜ್ಜಿಯ ಪಕ್ಕ ಕೂತು ಓದಿ.

ಗಟ್ಟಿ, ಮೆಲು: ಇದು ಸದ್ದಿನ ಪ್ರಮಾಣ. ಅಳತೆ ಡೆಸಿಬಲ್. ವಾಲ್ಯೂಮ್ ಗುಂಡಿ ಇರುವುದು ಇದೊಂದಕ್ಕೇ.

ತಗ್ಗು, ಎತ್ತರ: ಸೆಕೆಂಡಿಗೆ ಎಷ್ಟು ಸಲ ಗಾಳಿ ಕಂಪಿಸುತ್ತದೆ ಎಂಬ ಲೆಕ್ಕ. ಅಳತೆ ಹರ್ಟ್ಸ್. ಎಳೆಯ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಡೊಳ್ಳಿನದು ತಗ್ಗು, ಗೆಜ್ಜೆಯದು ಎತ್ತರ. ತಗ್ಗಿನದನ್ನು ಬೇಸ್, ಎತ್ತರದ್ದನ್ನು ಟ್ರೆಬಲ್ ಎನ್ನುತ್ತೇವೆ. ಬೇಸ್ ಹೆಚ್ಚಾದರೆ ಮಾತು ಕೊಡದೊಳಗಿಂದ ಬಂದಂತೆ ‘ಗುಂ’ ಎನ್ನುತ್ತದೆ. ಟ್ರೆಬಲ್ ಹೆಚ್ಚಾದರೆ ಕೀರಲಾಗಿ ಕಿವಿಗೆ ಚುಚ್ಚುತ್ತದೆ.

ಒಡಕು: ಸ್ಪೀಕರ್ ತನ್ನ ಶಕ್ತಿ ಮೀರಿ ಕೂಗಿದರೆ ದನಿ ಗರಗರ ಎನ್ನುತ್ತದೆ. ಆಗ ‘ಜಾಸ್ತಿ ಇಡು’ ಅಲ್ಲ, ‘ಕಡಿಮೆ ಮಾಡು’ ಎನ್ನಬೇಕು.

ಮಾರ್ದನಿ, ಅನುರಣನ: ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗೋಡೆ 17 ಮೀಟರಿಗಿಂತ ದೂರವಿದ್ದರೆ, ಬಡಿದು ಬಂದ ಸದ್ದು ಬೇರೆಯಾಗಿಯೇ ಕೇಳಿಸುತ್ತದೆ. ಅದು ಮಾರ್ದನಿ. ವಿಜಯಪುರದ ಗೋಲಗುಮ್ಮಟದಲ್ಲಿ ಕೂಗಿದವರಿಗೆಲ್ಲ ಇದು ಗೊತ್ತು. ಕಲ್ಯಾಣಮಂಟಪದಲ್ಲಿ ನಾಲ್ಕೂ ಗೋಡೆಗಳಿಂದ ಬಂದ ಸದ್ದು ಒಂದರ ಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ. ಅದು ಅನುರಣನ. ಅದಕ್ಕೆ ಮದ್ದು ದಪ್ಪ ಪರದೆ, ಜನರ ಹತ್ತಿರ ಇಟ್ಟ ಸ್ಪೀಕರ್.

ಸ್ಪಷ್ಟತೆ: ಅಜ್ಜ-ಅಜ್ಜಿಯರಿಗೆ ಎಲ್ಲಕ್ಕಿಂತ ಮುಖ್ಯವಾದ ಪದ ಇದು. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ಸದ್ದು. ‘ಆ’, ‘ಊ’ ಮುಂತಾದ ಸ್ವರಗಳ ಬಲವೆಲ್ಲ ತಗ್ಗಿನಲ್ಲಿದೆ. ‘ಸ’, ‘ಶ’ಗಳದು ಎತ್ತರದಲ್ಲಿ. ಹಾಗಾಗಿ ಹಾಲು, ಸಾಲು, ಶಾಲು ಎಲ್ಲ ಒಂದೇ ಆಗಿಬಿಡುತ್ತವೆ. ಅಜ್ಜಿ ಶಾಲು ಕೇಳಿದವರಿಗೆ ಹಾಲು ತಂದರೆ ನಗಬೇಡಿ. ಕೂಗಲೂ ಬೇಡಿ. ಕೂಗಿದರೆ ‘ಆ’ ಜೋರಾಗುತ್ತದೆ, ‘ಶ’ ಅಷ್ಟಾಗಿ ಜೋರಾಗುವುದಿಲ್ಲ. ಎದುರು ನಿಂತು, ಬಾಯಿ ಕಾಣುವಂತೆ ನಿಧಾನವಾಗಿ ಹೇಳಿ.

ನಮ್ಮ ತಂದೆಯವರ ಶ್ರವಣಯಂತ್ರ ತಿಂಗಳುಗಟ್ಟಲೆ ಬೀರುವಿನಲ್ಲೇ ಇತ್ತು. ‘ಸರಿ ಇಲ್ಲ’ ಎಂದಷ್ಟೇ ಹೇಳುತ್ತಿದ್ದರು. ಹಬ್ಬಕ್ಕೆ ಮನೆತುಂಬ ಜನ ಬಂದರೂ ಒಬ್ಬರೇ ಜಗಲಿಯಲ್ಲಿ ಕೂರುತ್ತಿದ್ದರು. ಒಂದು ದಿನ ಈ ಪದಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟು ಕೇಳಿದೆ. ‘ಪಾತ್ರೆ ಸದ್ದು ಚುಚ್ಚುತ್ತೆ, ನನ್ನ ದನಿ ನನಗೇ ಕೊಡದೊಳಗಿಂದ ಬಂದ ಹಾಗಿರುತ್ತೆ’ ಅಂದರು. ಶ್ರವಣತಜ್ಞರಿಗೆ ಅಷ್ಟು ಹೇಳಿದ್ದೇ ತಡ, ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಯಾವ ಸದ್ದು ಎಷ್ಟು ಬೇಕೋ ಅಷ್ಟಕ್ಕೆ ಹೊಂದಿಸಿಕೊಟ್ಟರು. ಈಗ ಅಪ್ಪ ಪಡಸಾಲೆಯಲ್ಲಿ ಎಲ್ಲರ ನಡುವೆ ಕೂರುತ್ತಾರೆ.

ಅಜ್ಜ-ಅಜ್ಜಿಯರೇ, ‘ಕಿವಿ ಕೇಳಲ್ಲ’ ಎನ್ನುವುದಕ್ಕೂ ‘ಕೇಳಿಸುತ್ತೆ, ಆದರೆ ಮಾತು ತಿಳಿಯಲ್ಲ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಹೋದಾಗ ಆ ವ್ಯತ್ಯಾಸವನ್ನು ಬಿಡಿಸಿ ಹೇಳಿ.

ಮಕ್ಕಳೇ, ಇವತ್ತೇ ಒಂದು ಆಟ ಆಡಿ. ಬಾಯಿಗೆ ಕಾಗದ ಅಡ್ಡ ಹಿಡಿದು ಹಾಲು, ಸಾಲು, ಶಾಲು, ಕಾಲು ಎಂದು ಹಿಂದುಮುಂದಾಗಿ ಹೇಳಿ, ಅಜ್ಜ ಬರೆದುಕೊಳ್ಳಲಿ. ಆಮೇಲೆ ಅಜ್ಜ ಹೇಳಲಿ, ನೀವು ಬರೆಯಿರಿ. ಅಜ್ಜನ ಪಟ್ಟಿಯಲ್ಲಿ ತಪ್ಪು ಹೆಚ್ಚಿದ್ದರೆ ಅಪ್ಪ-ಅಮ್ಮನಿಗೆ ತೋರಿಸಿ, ಕಿವಿಯ ಪರೀಕ್ಷೆಗೆ ದಿನ ಗೊತ್ತುಮಾಡಿಸಿ.