ಇ-ರೀಡರ್ ಕೊಳ್ಳುವ ಮುನ್ನ

ನೂರಾರು ಪುಸ್ತಕಗಳನ್ನು ಅಂಗೈಯಲ್ಲಿ ಹಿಡಿದಿಡುವ ಇ-ರೀಡರ್ ಈಗ ಅಪರೂಪದ ವಸ್ತುವಲ್ಲ. ಸಹಕಾರನಗರದಿಂದ ಮೆಜೆಸ್ಟಿಕ್ ಕಡೆಗೆ ದಿನವೂ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ ಅದು ಒಳ್ಳೆಯ ಸಂಗಾತಿ. ಆದರೆ ಸಾವಿರಾರು ರೂಪಾಯಿ ತೆತ್ತು ತಂದ ಮೇಲೆ, ಇಂಗ್ಲಿಷ್ ಪುಸ್ತಕ ಅಚ್ಚುಕಟ್ಟಾಗಿ ಮೂಡಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಂಡರೆ? ಆದ್ದರಿಂದ ಸಾಧನವನ್ನು ಆರಿಸುವ ಮೊದಲು, ನಮ್ಮಲ್ಲಿರುವ ಪುಸ್ತಕ ಯಾವ ರೂಪದಲ್ಲಿದೆ ಎಂದು ನೋಡಬೇಕು.

ಪರದೆಯ ಗುಟ್ಟು

ಸಾಮಾನ್ಯ ಇ-ರೀಡರ್‌ನ ಪರದೆ ಟಿ.ವಿ. ಪರದೆಯಂತೆ ತಾನೇ ಬೆಳಗುವುದಿಲ್ಲ. ಅದರೊಳಗೆ ಕೂದಲೆಳೆಯ ದಪ್ಪದ ಪುಟ್ಟ ಕೋಶಗಳಿದ್ದು, ಅವುಗಳಲ್ಲಿ ಬಿಳಿ ಮತ್ತು ಕಪ್ಪು ಕಣಗಳು ತೇಲುತ್ತವೆ. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ ವಿದ್ಯುದಂಶ. ವಿದ್ಯುತ್ ಕ್ಷೇತ್ರ ಬದಲಾದಂತೆ ಒಂದು ಬಣ್ಣದ ಕಣಗಳು ಮೇಲೇರಿ ಅಕ್ಷರ ಮೂಡುತ್ತದೆ. ಮೂಡಿದ ಪುಟವನ್ನು ಹಾಗೆಯೇ ಉಳಿಸಿಕೊಳ್ಳಲು ವಿದ್ಯುತ್ ಬೇಡ. ಆದ್ದರಿಂದಲೇ ಬ್ಯಾಟರಿ ವಾರಗಟ್ಟಲೆ ಬಾಳುತ್ತದೆ. ಇಂಥ ಪರದೆಯ ಮೊದಲ ಇ-ರೀಡರನ್ನು ಸೋನಿ ಕಂಪನಿ 2004ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದಿತು.

ಪುಸ್ತಕ ಮೂರು ಬಗೆ

ಮೊದಲನೆಯದು ಸ್ಕ್ಯಾನ್ ಮಾಡಿದ ಪುಸ್ತಕ. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆ ಮುಖ್ಯ ಪಾತ್ರ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಅನೇಕ ಕನ್ನಡ ಗ್ರಂಥಗಳು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಇವು ಪುಟದ ಛಾಯಾಚಿತ್ರಗಳಷ್ಟೆ. ಆರು ಅಂಗುಲದ ಪರದೆಯ ಅಗಲ ಸುಮಾರು ಮೂರೂವರೆ ಅಂಗುಲ. ಐದೂವರೆ ಅಂಗುಲ ಅಗಲದ ಪುಟ ಅದರಲ್ಲಿ ಮೂರನೇ ಎರಡರಷ್ಟಕ್ಕೆ ಕುಗ್ಗುತ್ತದೆ. ಮೊದಲು ಮಸುಕಾಗುವುದು ನಮ್ಮ ಒತ್ತಕ್ಷರಗಳೇ! ಇಂಥ ಪುಸ್ತಕಗಳೇ ಹೆಚ್ಚಿದ್ದರೆ ಎಂಟು ಅಥವಾ ಹತ್ತು ಅಂಗುಲದ ಪರದೆ ಬೇಕು.

ಎರಡನೆಯದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತ. ಇಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಲಾಗಿದೆ. ಆ ಅಕ್ಷರಶೈಲಿ ಇಲ್ಲದ ಸಾಧನದಲ್ಲಿ ವೇಷ ಕಳಚಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉಳಿಯುತ್ತವೆ. ಯೂನಿಕೋಡ್ ಪರಿವರ್ತಕದಿಂದ ಇದನ್ನು ಬದಲಾಯಿಸಬೇಕು. ಬಳಿಕ ಒಮ್ಮೆ ಕರಡು ತಿದ್ದಬೇಕು.

ಮೂರನೆಯದು ಯೂನಿಕೋಡ್ ಪಠ್ಯ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ ಸ್ಥಾನ ದೊರೆಯಿತು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಕಡತದಲ್ಲಿ ಆರು ಸಂಕೇತಗಳ ಸಾಲು. ಅವನ್ನು ಕೂಡಿಸಿ ಒತ್ತು, ಗುಣಿತ ಬರೆಯುವುದು ಸಾಧನದ ಕೆಲಸ. ಈ ವಿದ್ಯೆ ಅರಿಯದ ಸಾಧನ ಅಕ್ಷರಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ.

ಪರೀಕ್ಷೆ ಹೇಗೆ?

‘ಸ್ತ್ರೀ, ರಾಷ್ಟ್ರ, ಸೂರ್ಯ, ಜ್ಞಾನ’ ಎಂದು ಯೂನಿಕೋಡ್‌ನಲ್ಲಿ ಬರೆದ ಒಂದು ಪುಟದ ಇಪಬ್ ಕಡತ ಸಿದ್ಧಮಾಡಿ, ಗೆಳೆಯರ ಸಾಧನದಲ್ಲೋ ಅಂಗಡಿಯಲ್ಲೋ ತೆರೆದು ನೋಡಿ. ನಾಲ್ಕೂ ಸರಿಯಾಗಿ ಮೂಡಿದರೆ ಮಾತ್ರ ಮುಂದಿನ ಮಾತು.

ತುಂಬಿಸುವ ಕ್ರಮ

ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳಿ. ವರ್ಡ್ ಕಡತವನ್ನು ಅದಕ್ಕೆ ಸೇರಿಸಿ, ಇಪಬ್‌ಗೆ ಪರಿವರ್ತಿಸಿ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಅಕ್ಷರಶೈಲಿಯನ್ನು ಜೊತೆಯಲ್ಲೇ ಅಡಕಗೊಳಿಸಿ. ಕೋಬೋ ಸಾಧನಕ್ಕೆ ಯು.ಎಸ್.ಬಿ. ತಂತಿಯ ಮೂಲಕ ಕಳಿಸಬಹುದು. ಕಿಂಡಲ್‌ಗಾದರೆ ‘ಸೆಂಡ್ ಟು ಕಿಂಡಲ್’ ಸೇವೆ ಇಪಬ್ ಅನ್ನು ಸ್ವೀಕರಿಸಿ ತನ್ನ ರೂಪಕ್ಕೆ ಬದಲಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ: ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಕೃತಿಗಳಿಗೆ ಹಕ್ಕುಸ್ವಾಮ್ಯವಿರುತ್ತದೆ. 1946ರಲ್ಲಿ ನಿಧನರಾದ ಬಿ.ಎಂ.ಶ್ರೀ. ಅವರ ಕೃತಿಗಳು 2007ರಿಂದ ಮುಕ್ತ. 1975ರಲ್ಲಿ ನಿಧನರಾದ ಡಿ.ವಿ.ಜಿ. ಅವರ ಕೃತಿಗಳಿಗೆ 2035ರ ಕೊನೆಯವರೆಗೂ ಹಕ್ಕುಂಟು.

ಸಾಧನ ಕೊಳ್ಳಲು ಹಣವಿಲ್ಲದಿದ್ದರೂ ಒಂದು ಕೆಲಸವನ್ನು ಇಂದೇ ಮಾಡಬಹುದು. ಮನೆಯ ಹಿರಿಯರು ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಊರಿನ ಕಥೆಯೋ ವಂಶದ ವಿವರವೋ ಇದ್ದರೆ ಯೂನಿಕೋಡ್‌ಗೆ ತನ್ನಿ. ತಪ್ಪಿದ ಅಕ್ಷರ ಯಾವುದೆಂದು ಬರೆದವರೇ ಕುಳಿತು ಹೇಳಬಲ್ಲ ಕಾಲದಲ್ಲೇ ಅದು ಆಗಬೇಕು.