ಈ ವಯಸ್ಸಿನಲ್ಲಿ ಎಲ್ಲಿಯ ಬಿಪಿ?

ಅಜ್ಜನಿಗೆಂದು ತಂದ ಬಿಪಿ ಯಂತ್ರವನ್ನು ನಿಮ್ಮ ಹದಿನೈದರ ಮಗ ತಮಾಷೆಗೆ ತನ್ನ ತೋಳಿಗೆ ಕಟ್ಟಿಕೊಳ್ಳುತ್ತಾನೆ. 138/86 ಎಂದು ತೋರಿಸುತ್ತದೆ. ‘ಯಂತ್ರ ಕೆಟ್ಟಿರಬೇಕು’ ಎಂದು ಎಲ್ಲರೂ ನಗುತ್ತೀರಿ. ನಕ್ಕು ಸುಮ್ಮನಾಗಬೇಡಿ. ಹಾಗೆಂದು ಗಾಬರಿಯೂ ಬೇಡ.

13 ವರ್ಷ ದಾಟಿದವರಲ್ಲಿ ರಕ್ತದೊತ್ತಡ 120/80ಕ್ಕಿಂತ ಕಡಿಮೆಯಿದ್ದರೆ ಅದು ಸಹಜ. ಬೇರೆ ಬೇರೆ ದಿನಗಳಲ್ಲಿ ಮೂರು ಸಲ ಅಳೆದಾಗಲೂ 130/80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ವೈದ್ಯರು ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಒಂದು ಸಲದ ಅಳತೆಯನ್ನು ನಂಬಿ ಮಗುವಿಗೆ ರೋಗಿಯ ಪಟ್ಟ ಕಟ್ಟಬಾರದು.

ಅಳೆಯುವುದರಲ್ಲೇ ತಪ್ಪಾಗುವುದು ಹೆಚ್ಚು. ಆಟವಾಡಿ ಬಂದವನನ್ನು ಕೂಡಲೇ ಕೂರಿಸಿ ನೋಡಬೇಡಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕುಳಿತಿರಲಿ. ತೋಳು ಎದೆಯ ಮಟ್ಟದಲ್ಲಿರಲಿ. ತೋಳಿಗೆ ಸುತ್ತುವ ಪಟ್ಟಿಯ ಅಳತೆಯೂ ಮುಖ್ಯ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಕಡಿಮೆ ತೋರಿಸುತ್ತದೆ.

‘ಅವನಿಗೆ ತಲೆನೋವೂ ಇಲ್ಲ, ತಲೆಸುತ್ತೂ ಇಲ್ಲ’ ಎನ್ನಬಹುದು. ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಆದರೆ ಒತ್ತಡ ಹಲವು ವರ್ಷ ಹಾಗೆಯೇ ಮುಂದುವರಿದರೆ ಹೃದಯದ ಸ್ನಾಯು ದಪ್ಪಗಾಗುತ್ತದೆ, ಮೂತ್ರಪಿಂಡಗಳು ಸೊರಗುತ್ತವೆ.

ಹದಿಹರೆಯದಲ್ಲಿ ಇದಕ್ಕೆ ದೊಡ್ಡ ಕಾರಣ ಮಿತಿಮೀರಿದ ತೂಕ. ತಂದೆ ತಾಯಿಗೆ ಬಿಪಿ ಇದ್ದರೆ, ಮಗು ಹುಟ್ಟುವಾಗ ತೂಕ ತೀರಾ ಕಡಿಮೆಯಿದ್ದರೆ ಅಪಾಯ ಇನ್ನಷ್ಟು. ಇವುಗಳ ಮೇಲೆ ಉಪ್ಪು. ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪನ್ನು ಮೀರಬಾರದು. ಸಾರಿಗೆ ಹಾಕುವ ಉಪ್ಪು ನಮ್ಮ ಕಣ್ಣಿಗೆ ಕಾಣುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಚಿಪ್ಸ್, ನೂಡಲ್ಸ್‌ನ ಮಸಾಲೆ ಪೊಟ್ಟಣ, ಬೇಕರಿಯ ಪಫ್ಸ್ ಇವುಗಳಲ್ಲಿರುವುದನ್ನು ಯಾರು ಲೆಕ್ಕ ಹಾಕುತ್ತಾರೆ? ರಮಝಾನಿನಲ್ಲಿ ಇಫ್ತಾರಿಗೆ ದಿನವೂ ಸಮೋಸ, ಕಬಾಬ್ ಕರಿಯುವ ಮನೆಗಳು ಆ ಜಾಗದಲ್ಲಿ ಹಣ್ಣು, ತರಕಾರಿ ಸೂಪ್ ಇಟ್ಟು ನೋಡಲಿ. ಮಗನಿಗೊಬ್ಬನಿಗೇ ಸಪ್ಪೆ ಊಟ ಬಡಿಸಿ ಉಳಿದವರು ಬಿರಿಯಾನಿ ತಿಂದರೆ ಆ ಪಥ್ಯ ಎರಡು ದಿನವೂ ನಡೆಯದು.

ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆಯ ನಿದ್ದೆ ಬೇಕು. ಹೊದಿಕೆಯೊಳಗೆ ಮೊಬೈಲ್ ಬೆಳಗುತ್ತಿದ್ದರೆ ಅದು ಎಲ್ಲಿಂದ ಬರಬೇಕು? ಜೋರಾಗಿ ಗೊರಕೆ ಹೊಡೆಯುವ ಮಕ್ಕಳ ವಿಷಯವನ್ನು ವೈದ್ಯರಿಗೆ ತಿಳಿಸಿ. ಎನರ್ಜಿ ಡ್ರಿಂಕ್, ಸಿಗರೇಟು, ಹುಕ್ಕಾ ಮೂರೂ ಬೇಡ. ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರಬೇಕು. ಹುಡುಗರು ಹೇಗೋ ಮೈದಾನ ಹುಡುಕಿಕೊಳ್ಳುತ್ತಾರೆ. ಹೈಸ್ಕೂಲು ಮೆಟ್ಟಿಲೇರಿದೊಡನೆ ಆಟ ನಿಂತುಹೋಗುವುದು ನಮ್ಮ ಹೆಣ್ಣುಮಕ್ಕಳದ್ದು. ತಾಯಿ ಮಗಳು ಜೊತೆಯಾಗಿ ಬಿರುಸಿನಿಂದ ನಡೆಯಬಹುದಲ್ಲ, ಅಂಗಳದಲ್ಲಿ ಸ್ಕಿಪ್ಪಿಂಗ್ ಆಡಬಹುದಲ್ಲ.

ತೆಳ್ಳಗಿರುವ ಮಗುವಿನಲ್ಲೂ ಬಿಪಿ ಏರಿದ್ದರೆ ಮೂತ್ರಪಿಂಡದ ತೊಂದರೆ ಇರಬಹುದು. ಚಿಕ್ಕಂದಿನಲ್ಲಿ ಪದೇ ಪದೇ ಮೂತ್ರದ ಸೋಂಕು ಆಗಿತ್ತೇ, ಬೆಳಿಗ್ಗೆ ಮುಖ ಊದಿಕೊಳ್ಳುತ್ತದೆಯೇ ಎಂಬುದನ್ನು ನೆನಪಿಸಿಕೊಂಡು ಹೇಳಿ. ಬಿಪಿ ಹೆಚ್ಚಿರುವ ಮಗುವಿಗೆ ಸಹಿಸಲಾರದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್ ಕಾಣಿಸಿಕೊಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಜ್ಜನ ಬಿಪಿ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವ ಸಾಹಸವನ್ನಂತೂ ಮಾಡಲೇಬೇಡಿ.