ಕಾವೇರಿಯ ಪರ ನಿಂತ ಪುಟ್ಟಣ್ಣ

ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ‘ಶರಪಂಜರ’ ಎನ್ನುತ್ತೇನೆ. 1971ರ ಚಿತ್ರ, ತ್ರಿವೇಣಿಯವರ ಕಾದಂಬರಿ. ಹೆರಿಗೆಯ ಬಳಿಕ ಮನಸ್ಸಿನ ಹದ ತಪ್ಪಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಜನ ಬಿಡಬೇಕಲ್ಲ! ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡ ಬೇರೊಬ್ಬಳ ಕಡೆ ವಾಲಿದ್ದಾನೆ. ಕಾವೇರಿ ಮತ್ತೆ ಕುಸಿಯುತ್ತಾಳೆ. ಆ ಹೊತ್ತಿನಲ್ಲಿ ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಕಣ್ಣುಗಳನ್ನು ನೋಡಿ. ಕಾಯಿಲೆಗಿಂತ ಸುತ್ತಲಿನವರ ನೋಟವೇ ಅವಳನ್ನು ಮುರಿಯಿತೆಂದು ಪುಟ್ಟಣ್ಣ ಎಲ್ಲೂ ಭಾಷಣ ಮಾಡದೆ ತಿಳಿಸುತ್ತಾರೆ. ಮನೋರೋಗದ ಬಗ್ಗೆ ಇಷ್ಟು ಮರ್ಯಾದೆಯಿಂದ ಮಾತಾಡಿದ ಜನಪ್ರಿಯ ಚಿತ್ರಗಳು ಇಂದಿಗೂ ಅಪರೂಪ.

ಪುಟ್ಟಣ್ಣ 1933ರಲ್ಲಿ ಮೈಸೂರು ಸೀಮೆಯ ಕಣಗಾಲಿನಲ್ಲಿ ಹುಟ್ಟಿದವರು. ಮೂಲ ಹೆಸರು ಸೀತಾರಾಮ ಶರ್ಮ. ನಿರ್ದೇಶಕ ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಪಳಗಿದರು. 1967ರ ‘ಬೆಳ್ಳಿಮೋಡ’ ಹೆಸರು ತಂದಿತು. ಅದೂ ತ್ರಿವೇಣಿಯವರದೇ ಕಾದಂಬರಿ. ಆಸ್ತಿಗಾಗಿ ಮದುವೆಗೆ ಒಪ್ಪಿ, ಆಸ್ತಿ ಕೈತಪ್ಪಿತೆಂದು ಹಿಂದೆ ಸರಿದ ಮೋಹನನಿಗೆ ನಾಯಕಿ ಇಂದಿರಾ ಕೊನೆಗೆ ‘ಬೇಡ’ ಎನ್ನುತ್ತಾಳಲ್ಲ, ಅದು ಆ ಕಾಲಕ್ಕೆ ಸಣ್ಣ ಮಾತಲ್ಲ.

‘ಗೆಜ್ಜೆಪೂಜೆ’ಗೆ ಎಂ.ಕೆ. ಇಂದಿರಾ, ‘ಎಡಕಲ್ಲು ಗುಡ್ಡದ ಮೇಲೆ’ಗೆ ಭಾರತೀಸುತ, ‘ನಾಗರಹಾವು’ಗೆ ತ.ರಾ.ಸು.: ಓದುಗರು ಮೆಚ್ಚಿದ ಕಾದಂಬರಿಗಳನ್ನು ಅವರು ಚಿತ್ರಮಂದಿರಕ್ಕೆ ಕರೆತಂದರು. 1972ರ ‘ನಾಗರಹಾವು’ ಚಿತ್ರದುರ್ಗದ ಬಂಡೆಗಳ ನಡುವೆ ವಿಷ್ಣುವರ್ಧನ್ ಅವರನ್ನು ರಾಮಾಚಾರಿಯಾಗಿ ನಿಲ್ಲಿಸಿತು. ಅಂಬರೀಶ್ ಅವರ ಮೊದಲ ಚಿತ್ರವೂ ಅದೇ.

1985ರ ಜೂನ್‌ನಲ್ಲಿ ಪುಟ್ಟಣ್ಣ ತೀರಿಕೊಂಡಾಗ ‘ಮಸಣದ ಹೂವು’ ಅರ್ಧದಲ್ಲಿತ್ತು. ಅದನ್ನು ಪೂರ್ಣಗೊಳಿಸಿದವರು ಕೆ.ಎಸ್.ಎಲ್. ಸ್ವಾಮಿ.